ಓದುಗರ ಪ್ರಶ್ನೆ: ಕರಾಳ ದೊರೆಯ ಬಂಟರು

ಟೋಲ್ಕಿನ್ನರ ಮಧ್ಯಭೂಮಿಯ ಬಗ್ಗೆ ಪ್ರಶ್ನೆ ಕಳಿಸಿ ಅಂತ ಕೇಳಿದ್ದೆವು. ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಸೌರಾನ್‌ನ ಬಂಟರ ಬಗ್ಗೆ. ಓದಿ ಖುಷಿಯಾಯಿತು. ಕರಾಳ ದೊರೆ ಸೌರಾನ್ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಕಾದಂಬರಿಯಲ್ಲಿ ನಮ್ಮ ಎದುರಿಗೆ ಬಂದು ನಿಲ್ಲುವುದೇ ಇಲ್ಲ. ಅವನ ಕೈ, ಕಣ್ಣು, ಬಾಯಿ ಎಲ್ಲ ಇವರೇ. ಹಾಗಾಗಿ ಈ ಸಲದ ಪುಟ ಪೂರ್ತಿ ಅವರಿಗೇ.

ಪ್ರಶ್ನೆ: ಸೌರಾನ್‌ನ ಒಂಬತ್ತು ಬಂಟರಾದ ನಾಜ್ಗುಲ್‌ಗಳು ಮೊದಲಿಂದಲೂ ಪ್ರೇತಗಳಾ, ಅಥವಾ ಮನುಷ್ಯರಾಗಿದ್ದವರಾ? ಒಂಬತ್ತು ಜನರ ಹೆಸರುಗಳೇನು?

ಉತ್ತರ: ಮನುಷ್ಯರೇ. ರಾಜರು, ಮಾಟಗಾರರು, ದೊಡ್ಡ ಯೋಧರು. ಎರಡನೇ ಯುಗದಲ್ಲಿ ಸೌರಾನ್ ಅವರಿಗೆ ಒಂಬತ್ತು ಉಂಗುರ ಕೊಟ್ಟ. ಮೊದಮೊದಲು ಎಲ್ಲ ಒಳ್ಳೆಯದೇ ಆಯಿತು. ಹಣ ಬಂತು, ಹೆಸರು ಬಂತು, ಬೇಕೆಂದಾಗ ಯಾರ ಕಣ್ಣಿಗೂ ಬೀಳದೆ ಓಡಾಡಬಹುದಾಗಿತ್ತು, ಸಾವು ಹತ್ತಿರ ಸುಳಿಯಲಿಲ್ಲ. ಆಮೇಲೆ ಆ ಮುಗಿಯದ ಬದುಕೇ ಸಹಿಸಲಾಗದ ಭಾರವಾಯಿತು. ಒಬ್ಬೊಬ್ಬರಾಗಿ ಸೌರಾನ್‌ನ ವಶಕ್ಕೆ ಹೋದರು. ಗಟ್ಟಿ ಮನಸ್ಸಿನವರು, ಒಳ್ಳೆಯ ಉದ್ದೇಶ ಇದ್ದವರು ಸ್ವಲ್ಪ ತಡವಾಗಿ, ಉಳಿದವರು ಬೇಗ. ಆದರೆ ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ. ಎರಡನೇ ಯುಗದ 2251ರ ಸುಮಾರಿಗೆ ಅವರು ಪ್ರೇತರೂಪದಲ್ಲಿ ಮೊದಲು ಕಾಣಿಸಿಕೊಳ್ಳುತ್ತಾರೆ.

ಹೆಸರಿನ ವಿಷಯಕ್ಕೆ ಬಂದರೆ, ಟೋಲ್ಕಿನ್ ಹೆಸರಿಟ್ಟಿದ್ದು ಒಬ್ಬನಿಗೆ ಮಾತ್ರ: ಖಾಮೂಲ್, ಪೂರ್ವದ ಕಡೆಯವನು, ನಾಯಕನ ನಂತರದ ಸ್ಥಾನ ಅವನದು. ಒಂಬತ್ತರಲ್ಲಿ ಮೂವರು ನೂಮೆನೋರ್ ಎಂಬ ದ್ವೀಪರಾಜ್ಯದ ಮೂಲದ ದೊಡ್ಡ ಮನುಷ್ಯರು ಅಂತ ಒಂದು ಮಾತಿದೆ. ಅವರ ನಾಯಕ, ಉತ್ತರದ ಅಂಗ್ಮಾರ್ ರಾಜ್ಯದ ಮಾಟಗಾರ ದೊರೆಗೂ ಸ್ವಂತ ಹೆಸರು ಕೊಟ್ಟಿಲ್ಲ. ಆಟಗಳಲ್ಲಿ ಸಿಗುವ ಉಳಿದ ಹೆಸರುಗಳು ಆ ಆಟ ಮಾಡಿದವರ ಕಲ್ಪನೆ. ಸುಮ್ನೆ ನಂಬಬೇಡಿ.

ಪ್ರಶ್ನೆ: ಇಷ್ಟು ಭಯಂಕರ ಅಂತೀರಿ, ನಾಲ್ಕು ಜನ ಗಿಡ್ಡ ಹಾಬಿಟ್‌ಗಳನ್ನು ಹಿಡಿಯಲು ಆಗಲಿಲ್ಲವಲ್ಲ? ವೆದರ್‌ಟಾಪ್ ಬೆಟ್ಟದ ಮೇಲೆ ಕೈಗೆ ಸಿಕ್ಕವರನ್ನು ಬಿಟ್ಟು ಹೋಗಿದ್ದು ಯಾಕೆ?

ಉತ್ತರ: ಈ ಪ್ರಶ್ನೆ ಬಹಳ ಜನ ಕೇಳಿದ್ದೀರಿ. ಇದಕ್ಕೆ ಉತ್ತರ ಸಿಗಬೇಕಾದರೆ ಅವರ ಬಲ ಎಂಥದ್ದು ಅಂತ ಮೊದಲು ನೋಡಬೇಕು. ಅವರ ಆಯುಧ ಕತ್ತಿಗಿಂತ ಹೆಚ್ಚಾಗಿ ಭಯ. ಆ ಭಯ ಕೆಲಸ ಮಾಡುವುದು ಕತ್ತಲಲ್ಲಿ, ಒಂಟಿಯಾಗಿ ಸಿಕ್ಕವರ ಮೇಲೆ, ನಾಜ್ಗುಲ್‌ಗಳು ಒಟ್ಟಾಗಿ ಇದ್ದಾಗ. ಹಗಲಲ್ಲಿ ಅವರು ನಮ್ಮ ಹಾಗೆ ನೋಡಲಾರರು. ಅವರ ಕುದುರೆಗಳು ಅವರ ಪರವಾಗಿ ನೋಡುತ್ತವೆ. ಬದುಕಿರುವವರ ರಕ್ತದ ವಾಸನೆ ಗೊತ್ತಾಗುತ್ತದೆ, ನಮ್ಮ ಆಕಾರ ನೆರಳಿನ ಹಾಗೆ ಅವರ ಮನಸ್ಸಿಗೆ ತಟ್ಟುತ್ತದೆ, ಅಷ್ಟೇ. ನಾಯಕನೊಬ್ಬನನ್ನು ಬಿಟ್ಟರೆ ಉಳಿದವರಿಗೆ ನೀರು ಕಂಡರೂ ಭಯ. ಖಾಮೂಲ್‌ನ ಕಥೆ ಇನ್ನೂ ವಿಚಿತ್ರ. ಸೌರಾನ್ ಹುಡುಕುತ್ತಿದ್ದ ಅವನ ಸ್ವಂತ ಉಂಗುರ ಹತ್ತಿರದಲ್ಲಿದ್ದರೆ ಪತ್ತೆ ಮಾಡುವುದರಲ್ಲಿ ನಾಯಕನ ನಂತರ ಅವನೇ ಚುರುಕು, ಆದರೆ ಹಗಲು ಬೆಳಕಿನಲ್ಲಿ ಎಲ್ಲರಿಗಿಂತ ಹೆಚ್ಚು ತಬ್ಬಿಬ್ಬಾಗುವವನೂ ಅವನೇ.

ಈಗ ವೆದರ್‌ಟಾಪ್. ಮೂರನೇ ಯುಗದ 3018ರ ಅಕ್ಟೋಬರ್ 6ರ ರಾತ್ರಿ. ಅಲ್ಲಿಗೆ ಬಂದವರು ಐದೇ ಜನ. ಮೂರು ರಾತ್ರಿ ಹಿಂದೆ ಅದೇ ಬೆಟ್ಟದ ಮೇಲೆ ಮಂತ್ರವಾದಿ ಗ್ಯಾಂಡಾಲ್ಫ್ ಅವರ ಜೊತೆ ಹೋರಾಡಿದ್ದ, ನಾಲ್ವರು ಅವನ ಬೆನ್ನು ಹತ್ತಿ ಹೋಗಿದ್ದರು. ಹಾಬಿಟ್ ಫ್ರೋಡೊ ತನ್ನ ಹತ್ತಿರವಿದ್ದ ಆ ಉಂಗುರ ಹಾಕಿಕೊಳ್ಳುತ್ತಾನೆ. ಆಗ ಕಪ್ಪು ನಿಲುವಂಗಿಯ ಒಳಗಿನ ಬಿಳುಚಿದ ಮುಖಗಳು, ಒಬ್ಬನ ತಲೆ ಮೇಲಿನ ಕಿರೀಟ ಎಲ್ಲ ಅವನಿಗೆ ಕಾಣುತ್ತವೆ. ಅವನು ದೇವತೆ ಎಲ್ಬೆರೆತ್‌ಳ ಹೆಸರು ಕೂಗಿ ಎದುರಾಳಿಯ ಕಾಲಿಗೆ ಕತ್ತಿ ಬೀಸುತ್ತಾನೆ, ಫ್ರೋಡೊನ ಎಡ ಭುಜಕ್ಕೆ ಮಾಟದ ಮೋರ್ಗುಲ್ ಚೂರಿ ಇಳಿಯುತ್ತದೆ. ಹಾಬಿಟ್‌ಗಳಿಗೆ ದಾರಿ ತೋರುತ್ತಿದ್ದ ಅರಗೋರ್ನ್ ಎರಡೂ ಕೈಯಲ್ಲಿ ಉರಿಯುವ ಕೊಳ್ಳಿ ಹಿಡಿದು ನುಗ್ಗುತ್ತಾನೆ. ಅವರು ಹಿಂದೆ ಸರಿಯುತ್ತಾರೆ.

ಬೆಂಕಿಗೆ ಹೆದರಿದರು ಅನ್ನುವುದು ನಿಜ, ಆದರೆ ಅದು ಅರ್ಧ ಉತ್ತರ. ಅವರ ಲೆಕ್ಕದಲ್ಲಿ ಕೆಲಸ ಮುಗಿದಿತ್ತು. ಚೂರಿಯ ತುದಿ ಮುರಿದು ಮೈಯೊಳಗೆ ಉಳಿದಿತ್ತು, ಅದು ಸರಿಯುತ್ತಾ ಸರಿಯುತ್ತಾ ಎದೆಯ ಕಡೆಗೆ ಹೋಗುತ್ತದೆ, ಎದೆ ಮುಟ್ಟಿದ ದಿನ ಫ್ರೋಡೊ ಕೂಡ ಅವರಂಥದೇ ಒಂದು ಪ್ರೇತವಾಗಿ ತಾನೇ ನಡೆದುಕೊಂಡು ಬರುತ್ತಾನೆ, ಉಂಗುರವನ್ನೂ ತರುತ್ತಾನೆ. ಕಾಯುವುದಷ್ಟೇ ಬಾಕಿ. ತಮಗೆ ಹಿಂದೆ ಏನಾಗಿತ್ತೋ ಅದನ್ನೇ ಇನ್ನೊಬ್ಬನಿಗೆ ಮಾಡುತ್ತಿದ್ದರು. ಹಾಬಿಟ್ ಒಬ್ಬ ಹದಿನೇಳು ದಿನ ಅದನ್ನು ತಡೆದುಕೊಳ್ಳುತ್ತಾನೆ ಅಂತ ಅವರಿಗೆ ಹೊಳೆಯಲಿಲ್ಲ.

ಪ್ರಶ್ನೆ: ಸೌರಾನ್ ತನ್ನ ಅತಿ ಬೆಲೆಬಾಳುವ ವಸ್ತುವಾದ ಆ ಉಂಗುರವನ್ನು ತರಲು ಇವರನ್ನು ನಂಬಿ ಕಳಿಸಿದನಲ್ಲ, ಒಬ್ಬ ಅದನ್ನು ತಾನೇ ಇಟ್ಟುಕೊಂಡಿದ್ದರೆ?

ಉತ್ತರ: ಆ ಸಾಧ್ಯತೆಯೇ ಇರಲಿಲ್ಲ, ಅದಕ್ಕೇ ಅವರನ್ನು ಕಳಿಸಿದ್ದು. ಒಂದು ವಿವರ ಬಹಳ ಓದುಗರ ಕಣ್ಣು ತಪ್ಪುತ್ತದೆ: ಆ ಒಂಬತ್ತು ಉಂಗುರಗಳು ಕೊನೆಗೆ ನಾಜ್ಗುಲ್‌ಗಳ ಬೆರಳಲ್ಲಿ ಇರಲಿಲ್ಲ, ಸೌರಾನ್‌ನ ಹತ್ತಿರ ಇದ್ದವು. ಅವುಗಳ ಮೂಲಕ ಅವನು ಅವರ ಮನಸ್ಸನ್ನು ಹಿಡಿದಿದ್ದ. ಫ್ರೋಡೊ ಕೊನೆಗೆ ಬೆಂಕಿಬೆಟ್ಟದ ಒಳಗೆ ಉಂಗುರ ನನ್ನದು ಅಂದಾಗ ನಾಜ್ಗುಲ್‌ಗಳು ಬಂದು ತಲುಪಿದ್ದರೆ ಏನಾಗುತ್ತಿತ್ತು ಅಂತ ಟೋಲ್ಕಿನ್ ಒಂದು ಪತ್ರದಲ್ಲಿ ವಿವರಿಸಿದ್ದಾರೆ. ಅವರು ಅವನ ಮೇಲೆ ಕೈ ಮಾಡಲಾಗುತ್ತಿರಲಿಲ್ಲ, ಅವನ ಸಣ್ಣಪುಟ್ಟ ಆಜ್ಞೆ ಪಾಲಿಸುತ್ತಲೂ ಇದ್ದರು, ಆದರೆ ಸೌರಾನ್ ಹೇಳಿ ಕಳಿಸಿದ ಕೆಲಸಕ್ಕೆ ಅಡ್ಡ ಬರುವಂಥದ್ದನ್ನು ಮಾತ್ರ ಪಾಲಿಸುತ್ತಿರಲಿಲ್ಲ.

ನನಗೆ ಈ ಇಡೀ ಕಥೆಯಲ್ಲಿ ಅತಿ ಹೆಚ್ಚು ಸಂಕಟ ಕೊಡುವ ಸಂಗತಿ ಇದು. ಸೌರಾನ್‌ಗೆ ನಂಬಿಕೆ ಅನ್ನುವುದೇ ಗೊತ್ತಿಲ್ಲ. ಆಸೆ ಉಳಿದಿರುವವನನ್ನು ಅವನು ದೊಡ್ಡ ಕೆಲಸಕ್ಕೆ ಕಳಿಸಲಾರ. ಸ್ವಂತದ್ದು ಅಂತ ಏನೂ ಉಳಿಯದವನು ಬೇಕು. ಹಾಗಾಗಿ ಅವನ ಬಂಟರನ್ನು ಅಳೆಯುವಾಗ ಯಾರಿಗೆ ಎಷ್ಟು ಬಲ ಅನ್ನುವುದಕ್ಕಿಂತ ಯಾರಲ್ಲಿ ಸ್ವಂತ ಮನಸ್ಸು ಎಷ್ಟು ಉಳಿದಿದೆ ಅಂತ ನೋಡಿ.

ಪ್ರಶ್ನೆ: ಮಾಟಗಾರ ದೊರೆಯನ್ನು ಕೊಂದದ್ದು ಎಯೋವಿನ್ನಾ, ಮೆರಿಯಾ? ನಮ್ಮ ಮನೆಯಲ್ಲಿ ಇದರ ಬಗ್ಗೆ ವಾದ ನಡೆಯುತ್ತಲೇ ಇದೆ.

ಉತ್ತರ: ಇಬ್ಬರೂ. ಜೊತೆಗೆ ಹೆಸರಿಲ್ಲದ ಮೂರನೆಯವನೂ ಒಬ್ಬ ಇದ್ದಾನೆ, ಅವನನ್ನು ಯಾರೂ ನೆನೆಯುವುದಿಲ್ಲ.

3019ರ ಮಾರ್ಚ್ 15, ಪೆಲೆನ್ನೋರ್ ಬಯಲು. ಯೋಧೆ ಎಯೋವಿನ್ ಮೊದಲು ದೊರೆ ಏರಿ ಬಂದಿದ್ದ ಹಾರುವ ಮೃಗದ ತಲೆ ಕಡಿದಳು. ಅವನು ಗದೆ ಬೀಸಿದ, ಅವಳ ಗುರಾಣಿ ಪುಡಿಯಾಯಿತು, ಕೈ ಮುರಿಯಿತು, ಅವಳು ಮೊಣಕಾಲೂರಿದಳು. ಇನ್ನೊಂದು ಏಟಿಗೆ ಅವನು ಗದೆ ಎತ್ತಿದಾಗ ಹಾಬಿಟ್ ಮೆರಿ ಹಿಂದಿನಿಂದ ಬಂದು ಮೊಣಕಾಲಿನ ಹಿಂಭಾಗಕ್ಕೆ ಚುಚ್ಚಿದ. ಗದೆ ಗುರಿ ತಪ್ಪಿ ನೆಲಕ್ಕೆ ಬಿತ್ತು. ಅವಳು ಉಳಿದ ಶಕ್ತಿಯೆಲ್ಲ ಒಟ್ಟುಗೂಡಿಸಿ ಕಿರೀಟಕ್ಕೂ ಹೆಗಲಿಗೂ ನಡುವಿನ ಆ ಖಾಲಿ ಜಾಗಕ್ಕೆ ಕತ್ತಿ ನುಗ್ಗಿಸಿದಳು. ಕತ್ತಿ ಚೂರುಚೂರಾಯಿತು. ಮೆರಿಯ ಚೂರಿ ಹೊಗೆಯಾಡಿ ಸುಟ್ಟುಹೋಯಿತು.

ಆ ಚೂರಿ ಮಾಮೂಲಿ ಚೂರಿ ಆಗಿರಲಿಲ್ಲ. ನೂರಾರು ವರ್ಷ ಹಿಂದೆ, ಅಂಗ್ಮಾರ್ ವಿರುದ್ಧ ಯುದ್ಧ ನಡೆಯುತ್ತಿದ್ದಾಗ, ಇದೇ ಮಾಟಗಾರ ದೊರೆಯನ್ನು ಮನಸ್ಸಲ್ಲಿಟ್ಟುಕೊಂಡು ಉತ್ತರದ ಒಬ್ಬ ಕಮ್ಮಾರ ಅದನ್ನು ಮಂತ್ರ ಹಾಕಿ ಮಾಡಿದ್ದ. ಬೇರೆ ಯಾವ ಕತ್ತಿಯಾದರೂ, ಎಷ್ಟೇ ಬಲಶಾಲಿ ಕೈಯಲ್ಲಿದ್ದರೂ, ಅಂಥ ಗಾಯ ಮಾಡುತ್ತಿರಲಿಲ್ಲ ಅಂತ ಕಾದಂಬರಿಯಲ್ಲೇ ಇದೆ: ಅವನ ಕಾಣದ ನರಗಳನ್ನು ಅವನ ಇಚ್ಛೆಗೆ ಕಟ್ಟಿಹಾಕಿದ್ದ ಮಂತ್ರವನ್ನೇ ಅದು ಮುರಿಯಿತು. ಆ ಕಮ್ಮಾರನ ನಾಡು ಹಾಳಾಯಿತು, ಜನ ಸತ್ತರು, ಚೂರಿ ಸಮಾಧಿ ದಿಬ್ಬದಲ್ಲಿ ಬಿದ್ದಿತ್ತು. ಆ ದಿಬ್ಬಗಳಲ್ಲಿ ಸೇರಿಕೊಂಡ ದುಷ್ಟ ಪ್ರೇತಗಳು ಬಂದದ್ದು ಅಂಗ್ಮಾರ್ ಕಡೆಯಿಂದಲೇ. ಅಂದರೆ ದೊರೆಯ ಕಡೆಯವರೇ ಅವನನ್ನು ಮುಗಿಸುವ ಆಯುಧವನ್ನು ಅಷ್ಟು ಕಾಲ ಜೋಪಾನವಾಗಿ ಇಟ್ಟುಕೊಂಡಿದ್ದರು! ಗಂಡಸಿನ ಕೈಯಿಂದ ಅವನಿಗೆ ಸಾವಿಲ್ಲ ಅಂತ ಎಲ್ಫ್ ವೀರ ಗ್ಲೋರ್‌ಫಿಂಡೆಲ್ ಮೂರನೇ ಯುಗದ 1975ರಲ್ಲಿ ಹೇಳಿದ ಭವಿಷ್ಯ ಎಲ್ಲರಿಗೂ ನೆನಪಿದೆ, ಈ ಕಮ್ಮಾರನೂ ನೆನಪಿರಲಿ ಅಂತ ನನ್ನ ಆಸೆ.

ಪ್ರಶ್ನೆ: ಬಾಲ್ರಾಗ್ ಸೌರಾನ್‌ನ ಸೇವಕನಾ? ಅದಕ್ಕೆ ರೆಕ್ಕೆ ಇದೆಯಾ?

ಉತ್ತರ: ಸೇವಕ ಅಲ್ಲ. ಬೆಂಕಿ, ನೆರಳಿನ ರಾಕ್ಷಸರಾದ ಬಾಲ್ರಾಗ್‌ಗಳು ಸೌರಾನ್‌ನ ಯಜಮಾನ ಮೊರ್ಗೋತ್‌ನ ಕಡೆಯವು. ಸೌರಾನ್, ಗ್ಯಾಂಡಾಲ್ಫ್ ಇಬ್ಬರೂ ಯಾವ ಕುಲಕ್ಕೆ ಸೇರಿದವರೋ ದೇವತೆಗಳಂಥ ಅದೇ ಮಾಯರ್ ಕುಲ ಅವುಗಳದ್ದೂ. ಹುಟ್ಟಿನಿಂದ ಸಮಾನರು. ಮೊರ್ಗೋತ್ ಸೋತಾಗ ಒಂದು ತಪ್ಪಿಸಿಕೊಂಡು ಬಂದು ಕುಬ್ಜರ ಗಣಿನಗರ ಮೋರಿಯಾದ ಬುಡದಲ್ಲಿ ಅಡಗಿತು. ಮೂರನೇ ಯುಗದ 1980ರಲ್ಲಿ ಕುಬ್ಜರು ಮಿಥ್ರಿಲ್ ಎಂಬ ಅಪರೂಪದ ಲೋಹ ಅಗೆಯುತ್ತಾ ಅದನ್ನು ಎಬ್ಬಿಸಿದರು. ಅದು ಅವರ ರಾಜ ಆರನೇ ಡ್ಯೂರಿನ್‌ನನ್ನು ಕೊಂದಿತು. ಮುಂದೆ ಗ್ಯಾಂಡಾಲ್ಫ್ ಅದನ್ನು ಕೊಲ್ಲಲು ಜನವರಿ 15ರಿಂದ 25ರವರೆಗೆ, ಸೇತುವೆಯಿಂದ ಪಾತಾಳಕ್ಕೆ, ಪಾತಾಳದಿಂದ ಬೆಟ್ಟದ ತುದಿಗೆ ಹೋರಾಡಬೇಕಾಯಿತು. ಕೊನೆಗೆ ಅವನೂ ಸತ್ತ.

ರೆಕ್ಕೆಯ ವಾದ ಮುಗಿಯುವಂಥದ್ದಲ್ಲ. ಮೊದಲು ಅದರ ಸುತ್ತಲಿನ ನೆರಳು ರೆಕ್ಕೆಗಳ ಹಾಗೆ ಚಾಚಿತು ಅಂತ ಬರುತ್ತದೆ, ಸ್ವಲ್ಪ ಮುಂದೆ ರೆಕ್ಕೆಗಳು ಗೋಡೆಯಿಂದ ಗೋಡೆಗೆ ಹರಡಿದವು ಅಂತ ಬರುತ್ತದೆ. ನನ್ನ ಮತ ನೆರಳಿಗೆ. ಸೇತುವೆ ಮುರಿದಾಗ ಅದು ಬಿತ್ತು, ಹಾರಲಿಲ್ಲ, ಅಲ್ವಾ?

ಪ್ರಶ್ನೆ: ಸೌರಾನ್ ಕೂಡ ಒಂದು ಕಾಲದಲ್ಲಿ ಇನ್ನೊಬ್ಬನ ಬಂಟ. ಯಜಮಾನ ಹೋದ ಮೇಲೆ ಅವನು ಒಳ್ಳೆಯವನಾಗಬಹುದಿತ್ತಾ?

ಉತ್ತರ: ಒಂದು ಗಳಿಗೆ ಇತ್ತು. ಮೊರ್ಗೋತ್ ಸೋತ ಮೇಲೆ ಸೌರಾನ್ ಸುಂದರ ರೂಪ ತಾಳಿ ಲೋಕ ಕಾಯುವ ದೇವತೆಗಳಾದ ವಲಾರ್‌ಗಳ ದೂತ ಎಯೋನ್ವೆಯ ಮುಂದೆ ಬಂದು ಮಾಡಿದ್ದನ್ನೆಲ್ಲ ಬಿಟ್ಟೆ ಅಂದ. ಅದು ಪೂರ್ತಿ ನಾಟಕ ಆಗಿರಲಿಲ್ಲ, ಭಯದಿಂದಲಾದರೂ ನಿಜವಾಗಿ ಪಶ್ಚಾತ್ತಾಪ ಪಟ್ಟಿದ್ದ ಅಂತ ಕೆಲವರು ನಂಬುತ್ತಾರೆ ಎಂದು ಟೋಲ್ಕಿನ್ನರ 'ಸಿಲ್ಮರಿಲಿಯನ್' ಹೇಳುತ್ತದೆ. ಆದರೆ ತನ್ನದೇ ಕುಲದವನನ್ನು ಕ್ಷಮಿಸುವ ಅಧಿಕಾರ ಎಯೋನ್ವೆಗೆ ಇರಲಿಲ್ಲ. ವಾಪಸ್ ಹೋಗಿ ವಲಾರ್‌ಗಳ ಅರಸ ಮಾನ್ವೆಯ ಮುಂದೆ ತೀರ್ಪು ತಗೋ ಅಂದ. ಹೋದರೆ ಅವಮಾನ, ಬಹುಶಃ ದೀರ್ಘಕಾಲದ ಸೇವೆ. ಸೌರಾನ್‌ಗೆ ಅದು ಆಗಲಿಲ್ಲ, ಅವಿತುಕೊಂಡ. ಎರಡು ಯುಗಗಳ ದುಃಖಕ್ಕೆ ಮುಂಚೆ ಒಂದು ಬಾಗಿಲು ತೆರೆದಿತ್ತು, ಅವನು ಒಳಗೆ ಹೋಗಲು ತಲೆ ಬಗ್ಗಿಸಲಿಲ್ಲ. ಅದೇ ಪುಸ್ತಕ ಇನ್ನೊಂದು ಕಡೆ ಅವನ ಬಗ್ಗೆ ಹೇಳುವ ಮಾತು ಇನ್ನೂ ಗಾಢ: ಅವನು ಯಜಮಾನನಿಗಿಂತ ಕಡಿಮೆ ಕೆಟ್ಟವನಾಗಿದ್ದದ್ದು ಬಹುಕಾಲ ಇನ್ನೊಬ್ಬನಿಗೆ ದುಡಿದ ಅನ್ನುವ ಒಂದೇ ವಿಷಯದಲ್ಲಿ.

ಪ್ರಶ್ನೆ: ಜೇಡ ಷೆಲಾಬ್ ಸೌರಾನ್‌ನ ಕಡೆಯವಳಾ?

ಉತ್ತರ: ಇಲ್ಲ. ಅವಳು ದುಡಿಯುವುದು ತನ್ನ ಹೊಟ್ಟೆಗೆ ಮಾತ್ರ. ಗಡಿಯಲ್ಲಿ ಅವಳಿದ್ದರೆ ಅವನಿಗೆ ಅನುಕೂಲ, ಅದಕ್ಕೆ ಇರಲಿ ಅಂತ ಬಿಟ್ಟಿದ್ದ.

ಪ್ರಶ್ನೆ: ಕಪ್ಪು ಬಾಗಿಲಿನ ಹತ್ತಿರ ಬರುವ 'ಸೌರಾನ್‌ನ ಬಾಯಿ' ಯಾರು? ಸಿನಿಮಾದಲ್ಲಿ ಅರಗೋರ್ನ್ ಅವನ ತಲೆ ಕಡಿಯುತ್ತಾನೆ.

ಉತ್ತರ: 2003ರ ಸಿನಿಮಾದ ಉದ್ದದ ಆವೃತ್ತಿಯಲ್ಲಿ ಹಾಗಿದೆ. ಕಾದಂಬರಿಯಲ್ಲಿ ಇಲ್ಲ, ಇರಲೂಬಾರದು. ಅರಗೋರ್ನ್ ಸುಮ್ಮನೆ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾನೆ, ಅಷ್ಟಕ್ಕೇ ಅವನು ಹೊಡೆತ ಬಿದ್ದವನಂತೆ ಹಿಂಜರಿದು, ನಾನು ದೂತ, ನನ್ನ ಮೇಲೆ ಕೈ ಮಾಡಬಾರದು ಅನ್ನುತ್ತಾನೆ. ಆ ಜಾಗಕ್ಕೆ ಕತ್ತಿ ತಂದರೆ ಅರಗೋರ್ನ್ ಸಣ್ಣವನಾಗುತ್ತಾನೆ.

ಅವನು ಪ್ರೇತ ಅಲ್ಲ, ಜೀವಂತ ಮನುಷ್ಯ. ನೂಮೆನೋರ್ ವಂಶದವನು, ಸೌರಾನ್‌ನ ಬರಾದ್-ದೂರ್ ಕೋಟೆಯ ಅಧಿಕಾರಿ. ತನ್ನ ಸ್ವಂತ ಹೆಸರನ್ನು ತಾನೇ ಮರೆತಿದ್ದಾನೆ. ನಾಜ್ಗುಲ್‌ಗಳ ಹಾಗೆ ಅವನನ್ನು ಯಾರೂ ಉಂಗುರದಿಂದ ಕಟ್ಟಿಹಾಕಿಲ್ಲ, ಅಧಿಕಾರದ ಆಸೆಗೆ ತಾನಾಗಿ ಕೊಟ್ಟುಕೊಂಡವನು. ಶರಣಾಗತಿಯ ಷರತ್ತು ಓದುವಾಗಲೂ ಅವನ ಕಣ್ಣಲ್ಲಿ ಒಂದು ಲೆಕ್ಕ ಕಾಣುತ್ತದೆ: ಐಸೆನ್‌ಗಾರ್ಡ್ ಕೋಟೆಯಲ್ಲಿ ಕೂತು ಇವರನ್ನೆಲ್ಲ ಆಳುವವನು ನಾನೇ. ಹೆಸರು ಹೋದರೂ ಆಸೆ ಹೋಗಿಲ್ಲ.

ಪ್ರಶ್ನೆ: ಬಂಟರಿಗೆ ಸ್ವಂತ ಮನಸ್ಸು ಪೂರ್ತಿ ಉಳಿದಿರುವ ಬೇರೆ ಕಥಾಲೋಕ ಇದೆಯಾ?

ಉತ್ತರ: ರಾಬರ್ಟ್ ಜೋರ್ಡನ್ನರ 'ವೀಲ್ ಆಫ್ ಟೈಮ್' ಓದಿ. 1990ರಲ್ಲಿ ಶುರುವಾದ ಸರಣಿ, ಮುಖ್ಯ ಭಾಗಗಳು 14. ಜೋರ್ಡನ್ 2007ರಲ್ಲಿ ತೀರಿಕೊಂಡರು, ಬ್ರಾಂಡನ್ ಸ್ಯಾಂಡರ್ಸನ್ 2013ರಲ್ಲಿ ಮುಗಿಸಿದರು. ಅಲ್ಲಿ ಕರಾಳ ದೊರೆಯ ಜೊತೆ ಸೆರೆಯಾದವರು ಹದಿಮೂರು ಜನ. ಲೋಕ ಅವರನ್ನು ಪರಿತ್ಯಕ್ತರು ಅನ್ನುತ್ತದೆ, ಅವರು ತಮ್ಮನ್ನು ಆಯ್ದವರು ಅಂದುಕೊಳ್ಳುತ್ತಾರೆ. ಒಬ್ಬೊಬ್ಬರೂ ತಮ್ಮದೇ ಕಾರಣಕ್ಕೆ ಆ ಕಡೆ ಹೋದವರು. ಡೆಮಾಂಡ್ರೆಡ್‌ಗೆ ಯಾವಾಗಲೂ ತನಗಿಂತ ಒಂದು ಹೆಜ್ಜೆ ಮುಂದಿದ್ದವನ ಮೇಲೆ ಹೊಟ್ಟೆಕಿಚ್ಚು. ಆಸ್ಮೋಡಿಯನ್‌ಗೆ ಸಾವಿಲ್ಲದೆ ಸಂಗೀತ ಮಾಡುತ್ತಲೇ ಇರಬೇಕು ಅನ್ನುವ ಆಸೆ. ಸೆಮಿರಾಗ್ ಅಪ್ರತಿಮ ವೈದ್ಯೆ, ಆದರೆ ಗುಣಪಡಿಸಿದ್ದಕ್ಕೆ ರೋಗಿಯ ನೋವನ್ನೇ ಬೆಲೆಯಾಗಿ ಕೇಳುತ್ತಿದ್ದಳು. ಸಿಕ್ಕಿಬಿದ್ದಾಗ ಚಟ ಬಿಡುವ ಬದಲು ಪಕ್ಷ ಬದಲಿಸಿದಳು.

ಇವರಲ್ಲಿ ಯಾರೂ ಯಾರನ್ನೂ ನಂಬುವುದಿಲ್ಲ. ಒಟ್ಟಿಗೆ ಕೂತು ಮಾತಾಡುವ ಪ್ರತಿ ದೃಶ್ಯದಲ್ಲೂ ಪಕ್ಕದವನನ್ನು ಮುಗಿಸುವುದು ಹೇಗೆ ಅನ್ನುವ ಯೋಚನೆ ನಡೆಯುತ್ತಿರುತ್ತದೆ. ಮಧ್ಯಭೂಮಿಯಲ್ಲಿ ಹೀಗೆ ವರ್ತಿಸುವವನು ಐಸೆನ್‌ಗಾರ್ಡ್‌ನ ಮಂತ್ರವಾದಿ ಸಾರುಮಾನ್. ಉಂಗುರ ತನಗೇ ಬೇಕು ಅಂತ ಅವನು ಹಾಬಿಟ್‌ಗಳನ್ನು ಐಸೆನ್‌ಗಾರ್ಡ್‌ಗೆ ತರಿಸಲು ನೋಡುತ್ತಾನೆ. ದಾರಿಯಲ್ಲಿ ಅವನ ಕಡೆಯ ಓರ್ಕ್ ರಾಕ್ಷಸ ಉಗ್ಲೂಕ್, ಸೌರಾನ್ ಕಡೆಯ ಓರ್ಕ್ ಗ್ರಿಷ್ನಾಕ್ ಇಬ್ಬರೂ ಸೆರೆಯಾಳುಗಳಿಗಾಗಿ ಜಗಳಕ್ಕೆ ಬೀಳುತ್ತಾರೆ. ಅದೇ ಗೊಂದಲದಲ್ಲಿ ಸೆರೆಯಾಗಿದ್ದ ಹಾಬಿಟ್ ಪಿಪ್ಪಿನ್ ಕೈಗೆ ಕಟ್ಟಿದ್ದ ಹಗ್ಗ ಕುಯ್ದುಕೊಂಡ. ಆ ಅಧ್ಯಾಯವನ್ನು ಈ ಪ್ರಶ್ನೆ ಮನಸ್ಸಲ್ಲಿಟ್ಟುಕೊಂಡು ಮತ್ತೆ ಓದಿ. ನಾಜ್ಗುಲ್‌ಗಳ ಬೇಟೆಯ ವಿವರ ಬೇಕಿದ್ದರೆ 1980ರಲ್ಲಿ ಬಂದ 'ಅನ್‌ಫಿನಿಶ್ಡ್ ಟೇಲ್ಸ್' ಪುಸ್ತಕದಲ್ಲಿ ಅದಕ್ಕೇ ಮೀಸಲಾದ ಭಾಗ ಇದೆ. ಖಾಮೂಲ್ ಸಿಗುವುದು ಅಲ್ಲೇ.