ಜಲಾಂತರ್ಗಾಮಿ ಎಷ್ಟು ಆಳದವರೆಗೆ ಸುರಕ್ಷಿತವಾಗಿ ಇಳಿಯಬಲ್ಲದು, ಅದರ ಕವಚ ಯಾವಾಗ ಕುಸಿಯುತ್ತದೆ?

ನೀವು ಎರಡು ಸಂಗತಿಗಳನ್ನು ಕೇಳಿದ್ದೀರಿ. ನೌಕಾಪಡೆಯ ಜಲಾಂತರ್ಗಾಮಿ ಎಷ್ಟು ಆಳದವರೆಗೆ ಅಪಾಯವಿಲ್ಲದೆ ಇಳಿಯಬಹುದು ಎಂಬುದು ಮೊದಲನೆಯದು. ಸಂಶೋಧನೆಯ ಸಣ್ಣ ನೌಕೆಗಳು 6,000 ಮೀಟರ್ ಇಳಿಯಬಲ್ಲವಾದರೆ ಇವಕ್ಕೆ 500 ಮೀಟರ್ ದಾಟುವುದೂ ಏಕೆ ಕಷ್ಟ ಎಂಬುದು ಎರಡನೆಯದು. ಉಕ್ಕಿನ ಕವಚವುಳ್ಳ ಇಂದಿನ ಬಹುಪಾಲು ಜಲಾಂತರ್ಗಾಮಿಗಳು ಸುಮಾರು 250ರಿಂದ 450 ಮೀಟರ್ ಆಳದವರೆಗೆ ಇಳಿಯುತ್ತವೆ, ಕವಚ ಕುಸಿಯುವ ಆಳ ಅದರ ಒಂದೂವರೆಯಿಂದ ಎರಡು ಪಟ್ಟು ಇರುತ್ತದೆ. ನಿಖರವಾದ ಅಂಕಿಗಳನ್ನು ನೌಕಾಪಡೆಗಳು ಗುಟ್ಟಾಗಿಡುತ್ತವೆ. ಆದರೆ ಈ ಎರಡು ಆಳಗಳ ನಡುವೆ ಅಷ್ಟೊಂದು ಅಂತರವನ್ನು ಏಕೆ ಬಿಟ್ಟಿರುತ್ತಾರೆ ಎಂಬುದೇ, ಒತ್ತಡ ತಡೆಯುವ ಟ್ಯಾಂಕುಗಳ ವಿನ್ಯಾಸವನ್ನೇ ವೃತ್ತಿಯಾಗಿಸಿಕೊಂಡ ನನ್ನ ಮಟ್ಟಿಗೆ, ನಿಮ್ಮ ಪ್ರಶ್ನೆಯ ತಿರುಳು.

ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಂತೆ ಸುಮಾರು ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. 300 ಮೀಟರ್ ಆಳದಲ್ಲಿ ಕವಚದ ಒಂದೊಂದು ಚದರ ಮೀಟರಿನ ಮೇಲೂ 300 ಟನ್ನಿಗಿಂತ ಹೆಚ್ಚಿನ ಭಾರ ಬೀಳುತ್ತದೆ. ಈ ಭಾರವನ್ನು ಹೊರುವುದು ಒಳಗಿನ ದುಂಡನೆಯ ಉಕ್ಕಿನ ಕೊಳವೆ ಮತ್ತು ಅದಕ್ಕೆ ಸ್ವಲ್ಪ ಸ್ವಲ್ಪ ಅಂತರದಲ್ಲಿ ಬೆಸೆದಿರುವ ಉಂಗುರಗಳು. ಉಕ್ಕು ತನ್ನ ಶಕ್ತಿ ಮೀರಿ ಜಗ್ಗುವುದು ಕುಸಿತದ ಒಂದು ಬಗೆ. ಅದಕ್ಕೂ ಮೊದಲೇ ಉಂಗುರಗಳ ನಡುವಿನ ತಗಡು ಅಥವಾ ಉಂಗುರಗಳ ಸಮೇತ ಇಡೀ ಕೊಳವೆ ಒಳಕ್ಕೆ ಮಡಚಿಕೊಳ್ಳುವುದು ಇನ್ನೊಂದು ಬಗೆ. ನೆಟ್ಟಗೆ ನಿಲ್ಲಿಸಿದ ಖಾಲಿ ತಗಡಿನ ಡಬ್ಬಿ ಸಾಕಷ್ಟು ಭಾರ ಹೊರುತ್ತದೆ, ಅದರ ಪಕ್ಕದಲ್ಲಿ ಸಣ್ಣದೊಂದು ತಗ್ಗು ಬಿದ್ದರೆ ಸಾಕು, ಅದೇ ಭಾರಕ್ಕೆ ಮುದ್ದೆಯಾಗುತ್ತದೆ. ಆದ್ದರಿಂದ ಕವಚ ಎಷ್ಟು ದಪ್ಪವಾಗಿದೆ ಎಂಬುದರಷ್ಟೇ ಎಷ್ಟು ಕರಾರುವಾಕ್ಕಾಗಿ ದುಂಡಗಿದೆ ಎಂಬುದೂ ಮುಖ್ಯ. ಪ್ರತಿ ಸಲ ಇಳಿದು ಏರುವಾಗಲೂ ಕವಚ ಕುಗ್ಗಿ ಹಿಗ್ಗುವುದರಿಂದ ವೆಲ್ಡಿಂಗಿನ ಜಾಗಗಳು ಕ್ರಮೇಣ ದಣಿಯುತ್ತವೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇಷ್ಟನ್ನೆಲ್ಲ ಲೆಕ್ಕ ಹಾಕಿದ ಮೇಲೂ ಅರ್ಧದಷ್ಟು ಅಂತರ ಬಿಡುವುದಕ್ಕೆ ಉಕ್ಕಿನ ಮೇಲಿನ ಅನುಮಾನವೊಂದೇ ಕಾರಣವಲ್ಲ. ಆ ಅಂತರ ಸಿಬ್ಬಂದಿಗೆ ಸಿಗುವ ಸಮಯ. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಸಾಗುತ್ತಿರುವ ಜಲಾಂತರ್ಗಾಮಿಯ ಹಿಂಬದಿಯ ಚುಕ್ಕಾಣಿ ಸಿಕ್ಕಿಕೊಂಡು ಮೂತಿ 30 ಡಿಗ್ರಿ ಕೆಳಗೆ ವಾಲಿತೆಂದುಕೊಳ್ಳಿ. 20 ಸೆಕೆಂಡಿನಲ್ಲಿ ಅದು 100 ಮೀಟರ್ ಕೆಳಗೆ ಹೋಗಿರುತ್ತದೆ. 400 ಮೀಟರ್ ಆಳದಲ್ಲಿ 5 ಸೆಂಟಿಮೀಟರ್ ಅಗಲದ ಕೊಳವೆಯೊಂದು ತುಂಡಾದರೆ ನೀರು ಸೆಕೆಂಡಿಗೆ 80 ಮೀಟರಿಗೂ ಮೀರಿದ ವೇಗದಲ್ಲಿ ಒಳನುಗ್ಗುತ್ತದೆ, ನಿಮಿಷಕ್ಕೆ ಸರಿಸುಮಾರು 6ರಿಂದ 10 ಟನ್ ತುಂಬುತ್ತದೆ. ಅದೇ ಹೊತ್ತಿಗೆ, ಮುಳುಗಲು ನೀರು ತುಂಬಿಸಿ ಮೇಲೇರಲು ಖಾಲಿ ಮಾಡುವ ಬ್ಯಾಲಸ್ಟ್ ಟ್ಯಾಂಕಿನ ನೀರನ್ನು ಹೊರದೂಡಲು ಮೇಲ್ಮೈಯಲ್ಲಿ ಬೇಕಾಗುವುದರ ನಲವತ್ತು ಪಟ್ಟು ಗಾಳಿ ಬೇಕು. ಒತ್ತಡಕ್ಕೆ ಕವಚ ಕುಗ್ಗುವುದರಿಂದ ತೇಲುವ ಶಕ್ತಿಯೂ ಆಳ ಹೆಚ್ಚಿದಂತೆ ಕಡಿಮೆಯಾಗುತ್ತದೆ.

ಇದಕ್ಕೆ ಅತ್ಯಂತ ದುಃಖಕರವಾದ ಸಾಕ್ಷಿ ಅಮೆರಿಕದ ಥ್ರೆಶರ್. ಸುಮಾರು 400 ಮೀಟರ್ ಪರೀಕ್ಷಾ ಆಳದ (ಇಳಿಯಲು ಅನುಮತಿಯಿರುವ ಗರಿಷ್ಠ ಆಳ) ಆ ಅಣು ಜಲಾಂತರ್ಗಾಮಿ ದುರಸ್ತಿಯ ನಂತರದ ಪರೀಕ್ಷೆಗೆಂದು ಹೋಗಿ, 1963ರ ಏಪ್ರಿಲ್ 10ರಂದು ಕೇಪ್ ಕಾಡ್‌ನ ಪೂರ್ವಕ್ಕೆ ಅಟ್ಲಾಂಟಿಕ್‌ನಲ್ಲಿ 129 ಮಂದಿಯೊಂದಿಗೆ ಮುಳುಗಿತು. ನೌಕಾಪಡೆಯ ವಿಚಾರಣೆಯ ಪ್ರಕಾರ, ಬಹುಶಃ ಎಂಜಿನ್ ಕೋಣೆಯಲ್ಲಿ ಸಮುದ್ರದ ನೀರಿನ ಕೊಳವೆಯ ಬೆಸುಗೆಯೊಂದು ಬಿಟ್ಟುಕೊಂಡು, ಸಿಡಿದ ನೀರು ವಿದ್ಯುತ್ ವ್ಯವಸ್ಥೆಯನ್ನು ಕೆಡಿಸಿ, ರಿಯಾಕ್ಟರ್ ನಿಂತುಹೋಯಿತು. ಟ್ಯಾಂಕ್ ಖಾಲಿ ಮಾಡಲು ಬಿಟ್ಟ ಗಾಳಿಯಲ್ಲಿದ್ದ ತೇವ ಸೋಸುಕದಲ್ಲಿ ಹೆಪ್ಪುಗಟ್ಟಿ ಗಾಳಿಯ ದಾರಿಯೇ ಕಟ್ಟಿಕೊಂಡಿತು. ನೀರಿನಡಿಯ ಧ್ವನಿ ದಾಖಲೆಗಳ ವಿಶ್ಲೇಷಣೆ ಕವಚ ಕುಸಿದದ್ದು ಸುಮಾರು 730 ಮೀಟರಿನಲ್ಲಿ ಎನ್ನುತ್ತದೆ. ಎಂದರೆ ಪರೀಕ್ಷಾ ಆಳ ದಾಟಿ 300 ಮೀಟರಿಗೂ ಹೆಚ್ಚು ಕೆಳಗಿನವರೆಗೆ ಉಕ್ಕು ತಡೆದಿತ್ತು, ಸೋತದ್ದು ಕೊಳವೆ ಮತ್ತು ಗಾಳಿಯ ವ್ಯವಸ್ಥೆ. ಅದೇ ವರ್ಷ ಅಮೆರಿಕ ಸಬ್‌ಸೇಫ್ ಎಂಬ ಕಟ್ಟುನಿಟ್ಟಿನ ತಪಾಸಣಾ ಪದ್ಧತಿಯನ್ನು ಆರಂಭಿಸಿತು.

ಉಕ್ಕಿನ ಬದಲು ಟೈಟಾನಿಯಂ ಬಳಸಿದರೆ ಮಿತಿ ಹೆಚ್ಚುತ್ತದೆ. ಸೋವಿಯತ್ ಒಕ್ಕೂಟದ ಕೊಮ್ಸೊಮೊಲೆತ್ಸ್ 1984ರಲ್ಲಿ 1,020 ಮೀಟರ್ ಇಳಿದು ದಾಖಲೆ ಮಾಡಿತು. ಐದು ವರ್ಷಗಳ ನಂತರ ಅದು ಬೆಂಕಿಯಿಂದ ಮುಳುಗಿ 42 ಮಂದಿ ತೀರಿಕೊಂಡರು. ಅದನ್ನು ಮುಳುಗಿಸಿದ್ದೂ ಆಳವಲ್ಲ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ರೂಪಿಸುತ್ತಿರುವ ಮತ್ಸ್ಯ 6000 ಎಂಬ ಸಂಶೋಧನಾ ನೌಕೆಯಲ್ಲಿ ಮೂವರು ಕೂರುವ ಕೋಣೆ 2.1 ಮೀಟರ್ ವ್ಯಾಸದ, 80 ಮಿಲಿಮೀಟರ್ ದಪ್ಪದ ಟೈಟಾನಿಯಂ ಮಿಶ್ರಲೋಹದ ಗೋಳ. ಅಷ್ಟೇ ವ್ಯಾಸ ಮತ್ತು ದಪ್ಪದ ಕೊಳವೆಯಲ್ಲಿ ಉಂಟಾಗುವುದರ ಅರ್ಧದಷ್ಟು ಪ್ರತಿಬಲ (ಹೊರಗಿನ ಭಾರಕ್ಕೆ ಲೋಹದೊಳಗೆ ಹುಟ್ಟುವ ಒತ್ತಡ) ಮಾತ್ರ ಗೋಳದಲ್ಲಿ ಉಂಟಾಗುತ್ತದೆ, ವ್ಯಾಸ ಕಿರಿದಾದಷ್ಟೂ ಅದು ಇನ್ನೂ ಕಡಿಮೆ. ನೂರಾರು ಅಡಿ ಉದ್ದದ, 10 ಮೀಟರ್ ವ್ಯಾಸದ ಉಕ್ಕಿನ ಕೊಳವೆಯನ್ನು 6,000 ಮೀಟರಿಗೆ ಇಳಿಸಬೇಕಾದರೆ, ಪ್ರತಿಬಲವನ್ನು 400 ಮೆಗಾಪಾಸ್ಕಲ್‌ಗೆ (ಸುಮಾರು 4,000 ವಾಯುಮಂಡಲದಷ್ಟು) ಮಿತಿಗೊಳಿಸುವ ನನ್ನ ಸರಳ ಲೆಕ್ಕದಲ್ಲಿ, ಕವಚ ಸುಮಾರು 75 ಸೆಂಟಿಮೀಟರ್ ದಪ್ಪವಿರಬೇಕಾಗುತ್ತದೆ. ಆಗ ಒಂದು ಮೀಟರ್ ಉದ್ದದ ಕವಚವೇ ಸುಮಾರು 170 ಟನ್ ತೂಗುತ್ತದೆ, ಅದು ಪಕ್ಕಕ್ಕೆ ಸರಿಸುವ ನೀರಿನ ತೂಕವೋ ಸುಮಾರು 80 ಟನ್. ಎಂಜಿನ್, ಆಯುಧ, ಜನ ಯಾವುದನ್ನೂ ಹೇರುವ ಮೊದಲೇ ಅಂಥ ಹಡಗು ಮುಳುಗಿಹೋಗುತ್ತದೆ.