ಬಿ.ಕಾಂ ಮುಗಿಸಿ ವರ್ಷವಾಯ್ತು, ಎಲ್ಲಿ ಹೋದರೂ ‘ಎಕ್ಸ್‌ಪೀರಿಯನ್ಸ್ ಇದೆಯಾ’ ಅಂತಾರೆ. ದಾವಣಗೆರೆಯಲ್ಲೇ ಹುಡುಕಲೋ, ಬೆಂಗಳೂರಿಗೆ ಹೋಗಲೋ?

ದಾವಣಗೆರೆಯಲ್ಲೇ ಇರಿ, ಒಂದು ಮಾರ್ಚ್ ಮುಗಿಯುವವರೆಗಾದರೂ. ನಾನು ಇಲ್ಲಿನ ಒಂದು ರೈಸ್ ಮಿಲ್ಲಿನ ಲೆಕ್ಕ ನೋಡಿಕೊಳ್ಳುತ್ತೇನೆ, ಅದಕ್ಕೂ ಮುಂಚೆ ಆಡಿಟರ್ ಆಫೀಸಿನಲ್ಲಿದ್ದೆ. ಹೊಸಬರನ್ನು ತೆಗೆದುಕೊಳ್ಳುವಾಗ ಎದುರಿಗೆ ಕೂತು ಪ್ರಶ್ನೆ ಕೇಳುವ ಕೆಲಸವೂ ನನ್ನದೇ. ಅದಕ್ಕೇ ಮೇಜಿನ ಈಚೆ ಕಡೆಯಿಂದ ಹೇಳ್ತೀನಿ.

ಅನುಭವ ಇದೆಯಾ ಅಂತ ಕೇಳುವವರಿಗೆ ಬೇಕಾಗಿರೋದು ಇಷ್ಟು: ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಒಂದು ಅಂಗಡಿಯದ್ದೋ ಮಿಲ್ಲಿನದ್ದೋ ಲೆಕ್ಕ ನಿಮ್ಮ ಕೈಯಲ್ಲಿ ಹಾದು ಹೋಗಿರಬೇಕು. ತಿಂಗಳ 11ರೊಳಗೆ ಜಿಎಸ್‌ಟಿಆರ್-1 (ಮಾರಾಟದ ಜಿಎಸ್‌ಟಿ ವಿವರ), 14ಕ್ಕೆ 2ಬಿ (ಮಾರಿದವರು ಕೊಟ್ಟ ವಿವರದಿಂದ ಪೋರ್ಟಲ್ಲಿನಲ್ಲಿ ಬರುವ ಖರೀದಿ ಪಟ್ಟಿ) ಬಂದ ಮೇಲೆ ಖರೀದಿ ಬಿಲ್ಲುಗಳನ್ನು ಅದಕ್ಕೆ ತಾಳೆ ನೋಡುವುದು, 20ರೊಳಗೆ 3ಬಿ (ತೆರಿಗೆ ಕಟ್ಟಿ ಹಾಕುವ ರಿಟರ್ನ್), ವರ್ಷದ ಕೊನೆಗೆ ಸ್ಟಾಕ್ ಹಿಡಿದು ಲೆಕ್ಕ ಮುಚ್ಚುವುದು. ಇದನ್ನು ಒಂದು ಸುತ್ತು ಮಾಡಿದವರನ್ನು ನಂಬಿ ಕೂರಿಸಬಹುದು. ಡಿಗ್ರಿಯಲ್ಲಿ ಎಷ್ಟು ಪರ್ಸೆಂಟೇಜ್ ಅಂತ ನಾನಂತೂ ಕೇಳಿದ್ದಿಲ್ಲ.

ಈ ಕೆಲಸಕ್ಕೆ ನಮ್ಮೂರಿಗಿಂತ ಒಳ್ಳೆಯ ಜಾಗ ಹುಡುಕುವುದು ಕಷ್ಟ. ಬಟ್ಟೆ ಗಿರಣಿಗಳ ಕಾಲ ಹೋಯ್ತು ನಿಜ, ಆದರೆ ಎಪಿಎಂಸಿಯ ಮೆಕ್ಕೆಜೋಳ, ಮಂಡಿಪೇಟೆಯ ದಿನಸಿ, ಚೌಕಿಪೇಟೆಯ ವ್ಯಾಪಾರ, ಸುತ್ತಲಿನ ಅಕ್ಕಿ ಗಿರಣಿ, ಇವಕ್ಕೆಲ್ಲ ಲೆಕ್ಕ ಬರೆಯುವವರು ಬೇಕೇ ಬೇಕು. ಈ ಕೆಲಸಗಳ ಜಾಹೀರಾತು ನಿಮ್ಮ ಮೊಬೈಲಿಗೆ ಬರಲ್ಲ. ಮಾಲೀಕರು ತಮ್ಮ ಆಡಿಟರಿಗೆ ಫೋನ್ ಮಾಡಿ, ‘ಯಾರಾದ್ರೂ ನಂಬಿಕಸ್ಥರು ಇದ್ರೆ ಹೇಳ್ರಿ ಸಾರ್’ ಅಂತಾರೆ, ಅಷ್ಟೇ. ಆ ಫೋನ್ ಬರುವ ಆಫೀಸಿನಲ್ಲಿ ನೀವು ಮೊದಲು ಕೂತಿರಬೇಕು. ಎರಡನೇ ಕೆಲಸ ತಾನಾಗೇ ಹುಡುಕಿಕೊಂಡು ಬರೋದು ಅಲ್ಲಿಗೆ.

ಆಡಿಟರ್ ಆಫೀಸಿಗೆ ಕೆಲಸ ಕೇಳೋಕೆ ಹೋಗುವ ದಿನವನ್ನೂ ನೋಡಿಕೊಳ್ಳಿ. ತಿಂಗಳ 18, 19, 20ನೇ ತಾರೀಕು ಹೋದರೆ ಯಾರೂ ತಲೆ ಎತ್ತಿ ನೋಡಲ್ಲ. 21 ದಾಟಿದ ಮೇಲೆ ಹೋಗಿ. ವರ್ಷದಲ್ಲಿ ಎಲ್ಲಕ್ಕಿಂತ ಒಳ್ಳೆಯ ಕಾಲ ಮೇ, ಜೂನ್. ಸಂಬಳದಾರರ ರಿಟರ್ನ್‌ಗೆ ಸಾಮಾನ್ಯವಾಗಿ ಜುಲೈ 31 ಕಡೇ ದಿನ, ಅದಾದ ಕೂಡಲೇ ಸೆಪ್ಟೆಂಬರ್ 30ರ ಆಡಿಟ್ ವರದಿ. ಕೆಲಸ ಮೈಮೇಲೆ ಬರುವ ಮುಂಚೆ ಆಫೀಸಿನವರೇ ಜನ ಹುಡುಕ್ತಿರ್ತಾರೆ. ರೆಸ್ಯೂಮೆ ಒಂದೇ ಪುಟ ಸಾಕು.

ಇನ್ನು ಏನು ಕೇಳ್ತಾರೆ ಅನ್ನೋದು. ನಾನು ಒಂದು ಕಟ್ಟು ಬಿಲ್ಲು ಕೊಟ್ಟು ಟ್ಯಾಲಿಗೆ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಹಾಕಿ ಅಂತೀನಿ. ಸೂರತ್‌ನಿಂದ ಅಂದರೆ ಹೊರ ರಾಜ್ಯದಿಂದ ಬಂದ ಸೀರೆಗೆ ಐಜಿಎಸ್‌ಟಿ, ರಾಜ್ಯದೊಳಗೇ ಬೆಂಗಳೂರಿನಿಂದ ಬಂದಿದ್ದಕ್ಕೆ ಕೇಂದ್ರದ ಸಿಜಿಎಸ್‌ಟಿ, ರಾಜ್ಯದ ಎಸ್‌ಜಿಎಸ್‌ಟಿ ಎರಡೂ ಅಂತ ಬಿಲ್ಲು ನೋಡಿದ ತಕ್ಷಣ ಹೊಳೆಯಬೇಕು. ಆಮೇಲೆ, ಅಂಗಡಿಯಲ್ಲಿ 26 ಕೆ.ಜಿ. ಅಕ್ಕಿ ಚೀಲ ಯಾಕೆ ಕಾಣುತ್ತೆ ಅಂತ ಕೇಳ್ತೀನಿ. 2022ರ ಜುಲೈ 18ರಿಂದ, ಪ್ಯಾಕ್ ಮಾಡಿ ಲೇಬಲ್ ಹಾಕಿದ 25 ಕೆ.ಜಿ.ವರೆಗಿನ ಚೀಲಕ್ಕೆ ಶೇ 5 ಜಿಎಸ್‌ಟಿ ಬಂತು, ಅದಕ್ಕಿಂತ ದೊಡ್ಡದಕ್ಕೆ ಇಲ್ಲ. ಇದನ್ನು ಬಿಡಿಸಿ ಹೇಳಿದ ಹುಡುಗಿ ಈಗ ನನ್ನ ಪಕ್ಕದ ಟೇಬಲ್ಲಿನಲ್ಲಿದ್ದಾಳೆ. ಸುತ್ತಲಿನ ವ್ಯಾಪಾರವನ್ನು ಕಣ್ಣುಬಿಟ್ಟು ನೋಡುವವರಿಗೆ ಉಳಿದದ್ದು ಕಲಿಸುವುದು ಸುಲಭ, ಆ ಕುತೂಹಲ ಕಂಡರೆ ನನಗೆ ನಿಜಕ್ಕೂ ಖುಷಿ.

ಬೆಂಗಳೂರು ಬೇಡ ಅಂತಲ್ಲ. ಆದರೆ ಮೊದಲ ಸಂಬಳ ಎಲ್ಲಿದ್ದರೂ ಕಡಿಮೆಯೇ. ಅಲ್ಲಿ ಅದು ಪಿಜಿ ಬಾಡಿಗೆಗೆ ಹೋಗುತ್ತೆ, ಇಲ್ಲಿ ಮನೆ ಊಟ ಇರುತ್ತೆ. ಬ್ಯಾಂಕ್ ಪರೀಕ್ಷೆಗೆ ಓದ್ತಿದ್ದರೆ ಬೆಳಗ್ಗೆ ಎರಡು ತಾಸು ಓದಿ ಕೆಲಸಕ್ಕೆ ಹೋಗಿ, ಅದಕ್ಕಾಗಿ ಇನ್ನೊಂದು ವರ್ಷ ಮನೆಯಲ್ಲಿ ಕೂರಬೇಡಿ.

ಕೇಂದ್ರ ಸರ್ಕಾರದ ಎನ್‌ಎಟಿಎಸ್ ಅಪ್ರೆಂಟಿಸ್ (ಕೆಲಸ ಕಲಿಯುವವರ) ಪೋರ್ಟಲ್ಲಿನಲ್ಲಿ ಹೆಸರು ಹಾಕಿಡಿ, ಅದು ಎಂಜಿನಿಯರ್‌ಗಳಿಗೆ ಮಾತ್ರ ಅಂದುಕೊಂಡವರೇ ಹೆಚ್ಚು. ಬಿ.ಕಾಂ ಆದವರಿಗೂ ಉಂಟು. 2019ರ ತಿದ್ದುಪಡಿಯಲ್ಲಿ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಸ್ಟೈಪೆಂಡ್ ಅಂತ ಮಾಡಿದರು, ಅದರಲ್ಲಿ ಅರ್ಧ ಕೇಂದ್ರ ಸರ್ಕಾರದ್ದು. ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ ಯುವನಿಧಿಯ 3,000 ಬರ್ತಿದ್ದರೆ ಟ್ಯಾಲಿ ಕ್ಲಾಸಿಗೆ ಕಟ್ಟಿ. ಆ ಹಣ ಬರೋದು ಹೆಚ್ಚೆಂದರೆ ಎರಡು ವರ್ಷ.

ಕೆಲಸ ಕೊಡಿಸ್ತೀವಿ, ಮೊದಲು ರಿಜಿಸ್ಟ್ರೇಷನ್ ಫೀ ಕಟ್ಟಿ ಅನ್ನುವವರಿಗೆ ಒಂದು ರೂಪಾಯಿಯೂ ಕೊಡಬೇಡಿ. ನಿಮ್ಮ ತಂದೆ ಸಾಲ ಮಾಡಿ ಕೊಡೋಕೆ ಹೊರಟರೂ ತಡೀರಿ.

ಕೆಲಸ ಸಿಕ್ಕ ದಿನವೇ ಇನ್ನೊಂದು ಮಾತು ಕೇಳಿಬಿಡಿ, ಸಂಕೋಚ ಬೇಡ. ಸಣ್ಣ ಆಫೀಸುಗಳಲ್ಲಿ ಸಂಬಳ ಕೈಗೇ ಕೊಡುವ ರೂಢಿ ಇದೆ. ‘ಸಾರ್, ನನ್ನ ಬ್ಯಾಂಕ್ ಖಾತೆಗೆ ಹಾಕಿ, ಲೆಟರ್‌ಹೆಡ್ ಮೇಲೆ ಸೇರಿದ ತಾರೀಕು ಬರೆದುಕೊಡಿ’ ಅನ್ನಿ. ಮುಂದೆ ಬೆಂಗಳೂರಿಗೆ ಹೋದಾಗ ಅನುಭವ ಎಲ್ಲಿ ಅಂದರೆ ತೋರಿಸೋದು ಆ ಕಾಗದ ಮತ್ತು ಪಾಸ್‌ಬುಕ್ಕನ್ನೇ.