ಒಂದರಿಂದ ಆರೋ, ಒಂದರಿಂದ ಹತ್ತೋ?

ಪ್ರಶ್ನೆ: ನಾನು ಡಲ್ಲಾಸ್ ಹತ್ತಿರ ಇದ್ದೇನೆ, ಊರು ಹಾಸನದ ಕಡೆ. ಗ್ರೀನ್ ಕಾರ್ಡ್ ಬಂದ ಮೇಲೆ ಒಂದು ಎಆರ್-15 ರೈಫಲ್ ತಗೊಂಡೆ. ಶನಿವಾರ ರೇಂಜಿಗೆ ಹೋಗುತ್ತೇನೆ, ವರ್ಷಕ್ಕೆ ಎರಡು ಮೂರು ಸಲ ಸ್ನೇಹಿತನ ರ‍್ಯಾಂಚಿಗೆ ಕಾಡುಹಂದಿ ಹೊಡೆಯೋಕೆ. ಈಗ ಹಾಕಿರುವುದು ರೆಡ್ ಡಾಟ್, ಅಂದರೆ ಗಾಜಿನಲ್ಲಿ ಕೆಂಪು ಬೆಳಕಿನ ಚುಕ್ಕೆ ತೋರಿಸಿ ಗುರಿ ಹಿಡಿಸುವ ಸಾಧನ. ಅದರ ಚುಕ್ಕೆ ನನಗೆ ದುಂಡಗೆ ಕಾಣುವುದೇ ಇಲ್ಲ, ಕುಂಕುಮ ಬೆವರಿಗೆ ಹರಡಿದ ಹಾಗೆ ಕಾಣುತ್ತದೆ. ಎಲ್‌ಪಿವಿಒ ತಗೋ, ಝೂಮ್ ಆಗುವ ಸ್ಕೋಪ್ ಅದು, ಅಂತ ಎಲ್ಲರೂ ಹೇಳುತ್ತಾರೆ. 1-6, 1-8, 1-10 ಅಂತೆಲ್ಲ ಇವೆ. 1-10 ತಗೊಂಡರೆ ಎಲ್ಲದಕ್ಕೂ ಆಯ್ತು, ಅಲ್ವಾ? ಬಜೆಟ್ 600 ಡಾಲರ್.

ಉತ್ತರ: ಇಲ್ಲ, ಆಗಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ, ಮೊದಲು ನಿಮ್ಮ ಚುಕ್ಕೆಯ ಕಥೆ ಮುಗಿಸೋಣ. ಗುಂಡು ತೆಗೆದು, ರೈಫಲ್ ಖಾಲಿ ಇದೆ ಅಂತ ಎರಡು ಸಲ ನೋಡಿ, ರೆಡ್ ಡಾಟಿನ ಹಿಂದೆ ಫೋನ್ ಹಿಡಿದು ಒಂದು ಫೋಟೋ ತೆಗೆಯಿರಿ. ಫೋಟೋದಲ್ಲಿ ಚುಕ್ಕೆ ದುಂಡಗಿದ್ದರೆ ಸಾಮಾನು ಸರಿಯಾಗಿದೆ, ಹರಡಿಸುತ್ತಿರುವುದು ನಿಮ್ಮ ಕಣ್ಣು. ಅಸ್ಟಿಗ್ಮ್ಯಾಟಿಸಂ, ಅಂದರೆ ಕಣ್ಣಿನ ಮೇಲ್ಮೈ ಎಲ್ಲಾ ಕಡೆ ಒಂದೇ ಸಮ ಬಾಗಿಲ್ಲದ ದೋಷ, ಇರುವವರಿಗೆ ಹೀಗೇ ಆಗುತ್ತದೆ. ಸ್ಕೋಪಿನಲ್ಲಿ ಈ ಕಾಟ ಕಮ್ಮಿ, ಯಾಕಂದ್ರೆ ಅದರ ಗೆರೆಗಳನ್ನು ಗಾಜಿನ ಮೇಲೇ ಕೆತ್ತಿರುತ್ತಾರೆ. ಬ್ಯಾಟರಿ ಸತ್ತರೂ ಕಪ್ಪು ಗೆರೆ ಅಲ್ಲೇ ಇರುತ್ತದೆ, ಹಿಂದಿನ ಡಯಾಪ್ಟರ್ ರಿಂಗ್ ತಿರುಗಿಸಿ ನಿಮ್ಮ ಕಣ್ಣಿಗೆ ಹೊಂದಿಸಿಕೊಳ್ಳಬಹುದು. ಹೊಂದಿಸುವಾಗ ಮಾತ್ರ ಗುರುಗುಟ್ಟಿ ನೋಡುತ್ತಾ ನಿಲ್ಲಬೇಡಿ. ಬಿಳಿ ಗೋಡೆಯ ಕಡೆ ಹಿಡಿದು ಒಂದು ಕ್ಷಣ ನೋಡಿ, ಕಣ್ಣು ತೆಗೆಯಿರಿ, ಸ್ವಲ್ಪ ತಿರುಗಿಸಿ, ಮತ್ತೆ ನೋಡಿ. ಜಾಸ್ತಿ ಹೊತ್ತು ನೋಡಿದರೆ ಕಣ್ಣೇ ಹೊಂದಿಕೊಂಡು ನಿಮ್ಮನ್ನು ಮೋಸ ಮಾಡುತ್ತದೆ.

ಇನ್ನು 1-10. ಎಲ್‌ಪಿವಿಒ ಅಂದರೆ 1ರಿಂದ, ಅಂದರೆ ಬರಿಗಣ್ಣಿನಲ್ಲಿ ಕಂಡಷ್ಟೇ ಗಾತ್ರದಿಂದ ಶುರುವಾಗಿ, ಮೇಲೆ 4, 6, 8 ಅಥವಾ 10 ಪಟ್ಟು ದೊಡ್ಡದು ಮಾಡಿ ತೋರಿಸುವ ಸ್ಕೋಪ್. ಅಂಗಡಿಯಲ್ಲಿ ಎಲ್ಲರೂ ನೋಡುವುದು ಕೊನೆಯ ನಂಬರು. ನೀವು ನೋಡಬೇಕಾದ್ದು ಮುಂದಿನ ಗಾಜು. ಅದು ಹೆಚ್ಚಿನವುಗಳಲ್ಲಿ 24 ಮಿಲಿಮೀಟರ್ ಮಾತ್ರ. ಅದನ್ನು ಝೂಮಿನಿಂದ ಭಾಗಿಸಿ: 6ರಲ್ಲಿ 4 ಮಿಮೀ, 8ರಲ್ಲಿ 3, 10ರಲ್ಲಿ 2.4. ನಿಮ್ಮ ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ ಇಷ್ಟೇ. ಇದನ್ನು ಕಣ್ಣಾರೆ ನೋಡಬೇಕಾದರೆ ಅಂಗಡಿಯಲ್ಲಿ ಸ್ಕೋಪನ್ನು ಕೈಚಾಚಿ ಬಾಗಿಲಿನ ಬೆಳಕಿನ ಕಡೆ ಹಿಡಿಯಿರಿ, ಹಿಂದಿನ ಗಾಜಿನಲ್ಲಿ ಒಂದು ಬಿಳಿ ಬಿಲ್ಲೆ ಕಾಣುತ್ತದೆ. ರಿಂಗ್ ತಿರುಗಿಸುತ್ತಾ ಹೋದ ಹಾಗೆ ಆ ಬಿಲ್ಲೆ ಸಣ್ಣದಾಗುತ್ತಾ ಹೋಗಿ 10ಕ್ಕೆ ಬರುವಷ್ಟರಲ್ಲಿ ಸಾಸಿವೆ ಕಾಳಿನಷ್ಟಾಗಿರುತ್ತದೆ. ಸ್ಕೋಪಿನ ಹಿಂದೆ ನಿಮ್ಮ ತಲೆ ಒಂದು ಕೂದಲೆಳೆಯಷ್ಟು ಆಚೀಚೆ ಆದರೂ ನೋಟ ಕಪ್ಪು. ಹಂದಿ ಬರುವುದು ಸೂರ್ಯ ಮುಳುಗುವ ಹೊತ್ತಿಗೆ, ಆಗ ನಿಮ್ಮ ಕಣ್ಣಿನ ಪಾಪೆ 5 ಮಿಮೀವರೆಗೋ ಅದಕ್ಕಿಂತ ಜಾಸ್ತಿಯೋ ಅಗಲವಾಗಿರುತ್ತದೆ, 10ರಲ್ಲಿ ಅದಕ್ಕೆ ಅರ್ಧ ಹೊಟ್ಟೆ ಊಟ.

ಸುಮ್ನೆ ಲೆಕ್ಕ ಹಾಕಿ. 200 ಗಜದಲ್ಲಿರುವ ಹಂದಿ 6ರಲ್ಲಿ ಹೆಚ್ಚುಕಮ್ಮಿ 33 ಗಜದಲ್ಲಿ ನಿಂತ ಹಾಗೆ ಕಾಣುತ್ತದೆ. ನಿಮ್ಮ ಸ್ನೇಹಿತ ಜೋಳ ಚೆಲ್ಲುವ ಜಾಗ ಕೂತುಕೊಳ್ಳುವ ಕಡೆಯಿಂದ ಎಷ್ಟು ದೂರ, ಒಂದು ಸಲ ಹೆಜ್ಜೆ ಹಾಕಿ ಅಳೆಯಿರಿ. 100 ಗಜದ ಆಸುಪಾಸು ಆದರೆ 4 ಕೂಡ ಸಾಕು. ಅಮೆರಿಕದ ಮರೀನ್ ಕೋರ್ 2020ರಲ್ಲಿ 1-8 ಆರಿಸಿಕೊಂಡಿತಲ್ಲ ಅಂತ ರೇಂಜಿನಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಹೌದು, ಟ್ರಿಜಿಕಾನ್ ವಿಕಾಗ್, ಅದರ ಮುಂದಿನ ಗಾಜು 28 ಮಿಮೀ. ಅವರ ಕೆಲಸ ಬೇರೆ, ದುಡ್ಡೂ ಅವರದ್ದಲ್ಲ. 600 ಡಾಲರಿನೊಳಗಿನ 1-10ರಲ್ಲಿ ಕಂಪನಿ ಎಲ್ಲೋ ಒಂದು ಕಡೆ ಖರ್ಚು ಉಳಿಸಿರಲೇಬೇಕು, ಆ ಉಳಿತಾಯ ಹೆಚ್ಚಾಗಿ ಗಾಜಿನಲ್ಲೇ. 1ರಲ್ಲಿಟ್ಟು ಎರಡೂ ಕಣ್ಣು ಬಿಟ್ಟು ನೋಡಿ, ಬಾಗಿಲ ಚೌಕಟ್ಟು ಸ್ಕೋಪಿನ ಒಳಗೂ ಹೊರಗೂ ಒಂದೇ ಗೆರೆಯಲ್ಲಿ ಕೂಡದೆ ಬಾಗಿದರೆ ಅದನ್ನು ಅಲ್ಲೇ ಇಟ್ಟು ಬನ್ನಿ.

ಫಸ್ಟ್ ಫೋಕಲ್ ಪ್ಲೇನ್, ಸೆಕೆಂಡ್ ಫೋಕಲ್ ಪ್ಲೇನ್ ಅಂತಲೂ ನಿಮ್ಮ ತಲೆ ಕೆಡಿಸಿರುತ್ತಾರೆ. ಝೂಮ್ ಮಾಡಿದಾಗ ಸ್ಕೋಪಿನ ಗೆರೆಗಳೂ ದೊಡ್ಡದಾಗುತ್ತವಾ ಇಲ್ಲವಾ ಅನ್ನೋದಷ್ಟೇ ಅದು. ಫೋಟೋ ಮೇಲೆ ಪೆನ್ನಿನಲ್ಲಿ ಗೆರೆ ಎಳೆದು ಝೂಮ್ ಮಾಡಿದರೆ ಗೆರೆಯೂ ದೊಡ್ಡದಾಗುತ್ತದಲ್ಲ, ಅದು ಫಸ್ಟ್. ಅಮ್ಮ ಕನ್ನಡಿಗೆ ಅಂಟಿಸಿಟ್ಟ ಬಿಂದಿ ಇರುತ್ತದಲ್ಲ, ನೀವು ಹತ್ತಿರ ಬಂದರೆ ಮುಖ ದೊಡ್ಡದಾಗುತ್ತದೆ, ಬಿಂದಿ ಮಾತ್ರ ಅಂಟಿಸಿದಷ್ಟೇ ಇರುತ್ತದೆ, ಅದು ಸೆಕೆಂಡ್. (ಹೋಲಿಕೆ ಪೂರ್ತಿ ಸರಿಯಿಲ್ಲ, ಗೊತ್ತು. ಕೆಲಸಕ್ಕೆ ಸಾಕು.) ಫಸ್ಟಿನಲ್ಲಿ ದೂರ ಅಳೆಯುವ ಗುರುತುಗಳು ಯಾವ ಝೂಮಿನಲ್ಲೂ ಸರಿ, ಆದರೆ 1ರಲ್ಲಿ ಗೆರೆ ಜೇಡರ ಬಲೆಯಷ್ಟು ಸಣ್ಣ, ಆಗ ಗೆರೆಯನ್ನು ಬೆಳಗಿಸುವ ಸ್ಕೋಪಿನ ದೀಪವೇ ಗತಿ. ಸೆಕೆಂಡಿನಲ್ಲಿ ಆ ಗುರುತುಗಳು ಸಾಮಾನ್ಯವಾಗಿ ಪೂರ್ತಿ ಝೂಮಿನಲ್ಲಿ ಮಾತ್ರ ಸರಿ, ಆದರೆ 1ರಲ್ಲೂ ಗೆರೆ ಚೆನ್ನಾಗಿ ಕಾಣುತ್ತದೆ. ನಿಮಗೆ ಸೆಕೆಂಡ್, 1-6. ಪ್ರೈಮರಿ ಆರ್ಮ್ಸ್‌ನ ಎಸ್‌ಎಲ್‌ಎಕ್ಸ್, ವೋರ್ಟೆಕ್ಸ್‌ನ ಸ್ಟ್ರೈಕ್ ಈಗಲ್ ಎರಡನ್ನೂ ಕೈಯಲ್ಲಿ ಹಿಡಿದು ನೋಡಿ. ಒಂದೊಂದೂ ಹೆಚ್ಚುಕಮ್ಮಿ ಅರ್ಧ ಕೆಜಿ ತೂಗುತ್ತದೆ, ಅದನ್ನು ರೈಫಲ್ ಮೇಲೆ ಕೂರಿಸುವ ಮೌಂಟ್ ಬೇರೆ. ನಿಮ್ಮ ರೆಡ್ ಡಾಟಿನ ಹಗುರ ಮರೆತುಬಿಡಿ.

ಮೌಂಟಿಗೆ ಅಂತ 120 ಡಾಲರ್ ಆದರೂ ಎತ್ತಿಡಿ. ನಾನು ಮೊದಲ ಸ್ಕೋಪ್ ಕೂರಿಸುವಾಗ, ಸೈಕಲ್ ನಟ್ಟು ಬಿಗಿದ ಅಭ್ಯಾಸ ನೋಡಿ, ರಿಂಗಿನ ಸ್ಕ್ರೂಗಳನ್ನು ಕೈಲಾದಷ್ಟು ಬಿಗಿದೆ. ಝೂಮ್ ರಿಂಗ್ 3ರ ಹತ್ತಿರ ಕಚ್ಚಿಕೊಂಡಿತು. ಬಿಚ್ಚಿ ನೋಡಿದರೆ ಟ್ಯೂಬಿನ ಮೇಲೆ ಉಂಗುರದ ಅಚ್ಚು. ಎಷ್ಟು ಬಿಗಿಯಬೇಕೋ ಅಷ್ಟೇ ಬಿಗಿಯುವ ಟಾರ್ಕ್ ಸ್ಕ್ರೂಡ್ರೈವರ್ ಒಂದು ತಗೊಳ್ಳಿ, ರಿಂಗಿಗೆ ಹೆಚ್ಚಾಗಿ 15ರಿಂದ 18 ಇಂಚ್-ಪೌಂಡ್ ಹೇಳಿರುತ್ತಾರೆ, ನಿಮ್ಮ ಸ್ಕೋಪಿನ ಪುಸ್ತಕದಲ್ಲಿ ಏನಿದೆಯೋ ಅದೇ ಕೊನೆಯ ಮಾತು. 50 ಗಜಕ್ಕೆ ಝೀರೋ ಮಾಡಿದರೆ, ಅಂದರೆ ಅಷ್ಟು ದೂರದಲ್ಲಿ ಗುಂಡು ಗೆರೆ ತೋರಿಸಿದಲ್ಲೇ ಬೀಳುವ ಹಾಗೆ ಸ್ಕೋಪ್ ಹೊಂದಿಸಿದರೆ, ಎಆರ್-15ರ 5.56 ಗುಂಡು 200 ಗಜದ ಹತ್ತಿರ ಮತ್ತೆ ಅದೇ ಗೆರೆಗೆ ಬರುತ್ತದೆ. ಹಾಗಂತ ನಂಬಿಕೊಂಡು ಕೂರಬೇಡಿ, 200ರಲ್ಲೂ ಹೊಡೆದು ನೋಡಿ. ಪೂರ್ತಿ ಕತ್ತಲಾದ ಮೇಲೆ ಯಾವ ಎಲ್‌ಪಿವಿಒ ಕೂಡ ಏನೂ ತೋರಿಸಲ್ಲ, ಅದಕ್ಕೆ ಮೈಶಾಖ ಹಿಡಿದು ತೋರಿಸುವ ಥರ್ಮಲ್ ಸ್ಕೋಪ್ ಬೇಕು, ಅದರ ಖರ್ಚೇ ಬೇರೆ.

ಪ್ರಶ್ನೆ: ನಾನಿನ್ನೂ ಎಚ್-1ಬಿಯಲ್ಲಿ ಇದ್ದೇನೆ. ಟೆಕ್ಸಸ್‌ನಲ್ಲಿ ಹಂದಿಗೆ ಲೈಸೆನ್ಸೇ ಬೇಡ ಅಂತಾರೆ. ಗೆಳೆಯನ ರೈಫಲ್ ಹಿಡಿದು ಹೋಗಬಹುದಾ?

ಉತ್ತರ: ಇಲ್ಲೇ ಎಡವುವುದು. 2019ರ ಸೆಪ್ಟೆಂಬರಿನಿಂದ ಖಾಸಗಿ ಜಮೀನಿನಲ್ಲಿ, ಮಾಲೀಕರ ಒಪ್ಪಿಗೆ ಇದ್ದರೆ, ಕಾಡುಹಂದಿಗೆ ಹಂಟಿಂಗ್ ಲೈಸೆನ್ಸ್ ಬೇಡ, ನಿಜ. ಅದು ರಾಜ್ಯದ ಮಾತು. ಫೆಡರಲ್ ಕಾನೂನಿನ ಪ್ರಕಾರ ನಿಮ್ಮಂಥ ವೀಸಾದವರು ಬಂದೂಕು ಇಟ್ಟುಕೊಳ್ಳುವ ಹಾಗಿಲ್ಲ, ಅದಕ್ಕಿರುವ ಮುಖ್ಯ ವಿನಾಯಿತಿಯೇ ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಹಂಟಿಂಗ್ ಲೈಸೆನ್ಸ್. ಅಂದರೆ ಹಂದಿಗೆ ಬೇಡದ ಲೈಸೆನ್ಸ್ ನಿಮಗೆ ಬೇಕು. ಮೊದಲು ವಕೀಲರನ್ನು ಕೇಳಿ, ಆಮೇಲೆ ಗೆಳೆಯನಿಗೆ ಫೋನ್ ಮಾಡಿ.

ಪ್ರಶ್ನೆ: ವಿರಾಜಪೇಟೆ ಹತ್ತಿರ ಸೋದರಮಾವನ ಮನೆಯಲ್ಲಿ ಕೋವಿ ಇದೆ. ರಜೆಗೆ ಹೋಗುವಾಗ ಒಂದು ಸ್ಕೋಪ್ ಬ್ಯಾಗಿನಲ್ಲಿ ಹಾಕಿಕೊಂಡು ಹೋಗಲಾ?

ಉತ್ತರ: ಬೇಡ. ರೈಫಲ್ ಸ್ಕೋಪ್ ಅಮೆರಿಕದ ರಫ್ತು ನಿಯಂತ್ರಣದ ಪಟ್ಟಿಯಲ್ಲಿದೆ, ಬಟ್ಟೆ ನಡುವೆ ಸುತ್ತಿಟ್ಟರೂ ಅದು ರಫ್ತೇ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ (ಕೊಡಗಿನಲ್ಲಿ ವಂಶಪಾರಂಪರ್ಯ ಜಮ್ಮಾ ಭೂಮಿ ಇರುವವರು) ಕೋವಿಗೆ ಇರುವ ಲೈಸೆನ್ಸ್ ವಿನಾಯಿತಿ 2029ರವರೆಗೆ ಮುಂದುವರಿದಿದೆ, ಆದರೆ ಅದು ಕೋವಿಯ ಮಾತು, ನಿಮ್ಮ ಬ್ಯಾಗಿನದ್ದಲ್ಲ. ಮಾವನಾದರೂ ಅದನ್ನಿಟ್ಟುಕೊಂಡು ಏನು ಮಾಡುತ್ತಾರೆ? ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಮುಗಿಯಿತು. ಕೊಡವರ ಆಯುಧಪೂಜೆಯ ಕೈಲ್ ಪೊಳ್ದ್ ಹಬ್ಬಕ್ಕೆ ಮರದ ಮೇಲಿನ ತೆಂಗಿನಕಾಯಿಗೆ ಸ್ಕೋಪ್ ಹಾಕಿ ಗುರಿಯಿಟ್ಟರೆ ಊರವರು ಮುಂದಿನ ಹಬ್ಬದವರೆಗೂ ಆಡಿಕೊಳ್ಳುತ್ತಾರೆ. ಒಳ್ಳೆ ಬೈನಾಕ್ಯುಲರ್ ತಗೊಂಡು ಹೋಗಿ, ತೋಟಕ್ಕೆ ಆನೆ ಬಂದಿದೆಯಾ ನೋಡೋಕಾದರೂ ಆಗುತ್ತದೆ.